ಅಮ್ಮನ ಪಾಲು

ಕೊಟ್ಟಿಗೆಯಿಂದ ಬಂದ ತಾಯಿ ಎಂದಿನಂತೆ ಹಾಲು ಕಾಯಿಸಿ ಮಗನ ಲೋಟಕ್ಕೆ ಬಗ್ಗಿಸಿದಳು. ಮಗ ಟ್ರ್ಯಾಕ್ಟರ್ ರಿಪೇರಿಯವನು. ಉಗುರಿನ ಸಂದಿಯ ಗ್ರೀಸು ಉಜ್ಜುತ್ತಾ ಕೂತಿದ್ದ. ಲೋಟ ಮುಟ್ಟುವ ಮೊದಲು ಹೆಂಡತಿಯ ಮುಖ ನೋಡಿದ. ತಾಯಿಗೆ ಅಷ್ಟೇ ಸಾಕಾಯಿತು.

"ಬೇಡಮ್ಮಾ. ರಿಪೋರ್ಟ್ ಬಂತು. ನಂಗೆ ಹಾಲು ಆಗಲ್ವಂತೆ."

"ಯಾರು ಹೇಳಿದ್ದು?"

"ಜೀನ್ ಟೆಸ್ಟು, ಅತ್ತೆ," ಎಂದಳು ಸೊಸೆ. ಪೇಟೆಯ ಆಸ್ಪತ್ರೆಯಲ್ಲಿ ನರ್ಸು ಅವಳು. ಗಂಡನ ಹೊಟ್ಟೆಯುಬ್ಬರ ನೋಡಲಾರದೆ ಅವನ ಎಂಜಲನ್ನು ಕೊಳವೆಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದ್ದಳು.

"ಜೀನನಾ? ನನ್ನ ಮಗ ಜೀನನಾ? ಕೇಳಿದೋರಿಗೆಲ್ಲ ಬಿಟ್ಟಿ ರಿಪೇರಿ ಮಾಡ್ಕೊಡ್ತಾನೆ! ಜೀನತನ ಹುಡುಕೋದಾದ್ರೆ ನಿಮ್ಮಪ್ಪನ ಎಂಜಲು ಕಳಿಸ್ಬೇಕಿತ್ತು."

ಮಗ ನಕ್ಕುಬಿಟ್ಟ. ಸೊಸೆ ನಗಲಿಲ್ಲ.

ಅಂದಿನಿಂದ ಅವನ ತಟ್ಟೆ ಸೊಸೆಯದಾಯಿತು. ಯಾವ ಕಾಳು, ಎಷ್ಟು ಸೊಪ್ಪು, ಎಲ್ಲವೂ ಅವಳ ಮಾತಿನಂತೆ. ಉಬ್ಬರವೂ ಇಳಿಯಿತು. ಮಗನ ಹೊಟ್ಟೆ ತಣ್ಣಗಾದಷ್ಟೂ ತಾಯಿಯ ಹೊಟ್ಟೆ ಉರಿಯಿತು. ಹಸುವಿನ ಕೆಚ್ಚಲು ತೊಳೆಯುವಾಗಲೂ ಅದೇ ಯೋಚನೆ: ಮೊನ್ನೆ ಮೊನ್ನೆ ಬಂದವಳಿಗೆ ಗೊತ್ತಾದದ್ದು ಹೆತ್ತವಳಿಗೆ ಗೊತ್ತಾಗಲಿಲ್ಲವೇ?

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟಳು: "ಇಷ್ಟು ವರ್ಷ ನಾನೇ ಅವನಿಗೆ ವಿಷ ಕುಡಿಸಿದ್ನೇನೇ?"

ಸೊಸೆಗೂ ಸಾಕಾಗಿತ್ತು. "ಅದು ಹುಟ್ಟುತ್ತಲೇ ಬಂದಿದ್ದು, ಅತ್ತೆ. ಒಂದು ಪಾಲು ಮಾವಂದು, ಒಂದು ಪಾಲು ನಿಮ್ದು. ನೀವೇ ಕೊಟ್ಟಿದ್ದು." ಚುಚ್ಚಲೆಂದೇ ಹೇಳಿದ ಮಾತು.

ತಾಯಿ ತಟ್ಟನೆ ತಿರುಗಿದಳು. "ನಂದಾ?"

"ಹೂಂ."

"ಅದ್ರಲ್ಲಿ ನಿನ್ನ ಪಾಲು?"

"ನಂದೆಲ್ಲಿಂದ ಬರುತ್ತೆ?"

"ಏನೂ ಇಲ್ವಾ?" ತಾಯಿ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು.

ಮರುದಿನ ಅವಳು ಹಾಲಿಲ್ಲದ ಚಹಾ ಹಿಡಿದು ಮಗನ ಪಕ್ಕ ಕೂತಳು. "ನಂಗೂ ಹಾಲು ಆಗಲ್ಲ."

"ಒಬ್ಬರ ಪಾಲು ಮಾತ್ರ ಇದ್ರೆ ಏನೂ ಆಗಲ್ಲ, ಅತ್ತೆ," ಎಂದಳು ಸೊಸೆ. "ನೀವು ದಿನಾ ಕುಡೀತಿದ್ರಿ, ಒಂದು ದಿನಾನಾದ್ರೂ ಹೊಟ್ಟೆ ಕೆಟ್ಟಿದ್ಯಾ?"

"ಅವನಿಗೆ ಆಗದ್ದು ನಂಗೆ ಹೇಗೆ ಆಗುತ್ತೆ? ನಮ್ಮಿಬ್ಬರದು ಒಂದೇ ಮೈ." ಮಗನೆಡೆಗೆ ವಾಲಿ ಕೇಳಿದಳು: "ಅಲ್ವೇನೋ?"

ಮಗ ನಕ್ಕು ತಲೆಯಾಡಿಸಿದ. ತಾಯಿ ಎದ್ದು ದೊಡ್ಡ ಲೋಟದ ತುಂಬ ಹಾಲು ತಂದು ಸೊಸೆಯ ಮುಂದಿಟ್ಟಳು. ಇಷ್ಟು ಧಾರಾಳವಾಗಿ ಅವಳಿಗೆ ಎಂದೂ ಕೊಟ್ಟಿರಲಿಲ್ಲ.

"ನಿಂಗೆ ಆಗುತ್ತಲ್ಲ, ಕುಡಿಯಮ್ಮ."

ಅಮ್ಮ, ಮಗ ಕಪ್ಪು ಚಹಾ ಹೀರುತ್ತಾ ಹಳೆಯದೇನೋ ನೆನೆಸಿಕೊಂಡು ನಗತೊಡಗಿದರು. ಸೊಸೆ ಇಬ್ಬರನ್ನೂ ನೋಡುತ್ತಾ ಕೂತಳು. ಹಾಲಿನ ಮೇಲೆ ಕೆನೆ ಕಟ್ಟಿತು.