ಒಂಟಿ ಬೊಂಬೆಯ ಕೇಕು

ಏನ್ರೀ, ಒಂದೇ ಒಂದು ಡೈಲಾಗಿಗೆ ಹತ್ತು ಜನ ಬಾಯಿಗಿಟ್ಟ ಚಮಚ ಹಾಗೇ ಕಚ್ಕೊಂಡು ಕೂತಿದ್ದನ್ನ ನೋಡಿದೀರಾ? ಇಲ್ಲ ಅಲ್ವಾ! ಹಾಗಾದ್ರೆ ಕುರ್ಚಿ ಗಟ್ಟಿಯಾಗಿ ಹಿಡ್ಕೊಳ್ಳಿ. ಇದು ನಮ್ಮ ಡೈಲಾಗ್ ತನ್ನ ಅಕ್ಕನ್ನ ಕಾಪಾಡಿದ ಕಥೆ.

ಡೈಲಾಗ್ ಅಂದ್ರೆ ಅಕ್ಕನ ಬೇಕರಿಯ ಕೌಂಟರಲ್ಲಿ ನಿಲ್ಲೋ ತಮ್ಮ. "ಬ್ರೆಡ್ ಬಿಸಿ ಇದೆಯಾ?" ಅಂತ ಕೇಳಿದ್ರೆ, ಕಣ್ಣು ಕಿರಿದು ಮಾಡಿ, "ಬಿಸಿ ನಮ್ಮ ರಕ್ತದಲ್ಲೇ ಇದೆ ಸಾರ್" ಅನ್ನೋ ಆಸಾಮಿ.

ಅಕ್ಕನಿಗೆ ಮೂವತ್ತೊಂಬತ್ತು. ಊರಿನ ಅರ್ಧ ಮದುವೆ ಕೇಕು ಅವಳ ಕೈಯದೇ. ಕೇಕಿನ ನೆತ್ತಿ ಮೇಲೆ ಕೈಕೈ ಹಿಡ್ಕೊಂಡ ಗಂಡು ಹೆಣ್ಣಿನ ಸಕ್ಕರೆ ಬೊಂಬೆ ಕೂರಿಸೋಷ್ಟರಲ್ಲಿ ದೊಡ್ಡಮ್ಮ ಹಾಜರು: "ಎಲ್ಲರದ್ದೂ ಕೂರಿಸಿದ್ದಾಯ್ತು, ನಿಂದು ಯಾವಾಗೇ?"

ಅಪ್ಪ ಅಮ್ಮ ಹೋದಮೇಲೆ ಇಬ್ಬರನ್ನೂ ಸಾಕಿದ್ದು ಈ ದೊಡ್ಡಮ್ಮನೇ. ಅದಕ್ಕೇ ಅಕ್ಕ ಅವಳ ಮುಂದೆ 'ಇಲ್ಲ' ಅಂದವಳೇ ಅಲ್ಲ. ಈ ಸಲ ದೊಡ್ಡಮ್ಮನಿಗೆ ಗಂಡು ಅಂತ ಗಡಿಯಾರದಂಗಡಿಯವನೊಬ್ಬ ಸಿಕ್ಕಿದ್ದ. ಒಳ್ಳೆಯವನೇ, ಪಾಪ. ಭಾನುವಾರ ಉತ್ತರ ಹೇಳ್ಬೇಕಿತ್ತು.

"ನಂಗೆ ಬೇಡ ಕಣೋ," ಅಕ್ಕ ಹಿಟ್ಟು ಜರಡಿ ಹಿಡೀತಾ ಅಂದಳು. "ಬೆಳಿಗ್ಗೆ ಮೊದಲ ಬ್ರೆಡ್ ಮುರಿದು ಒಬ್ಬಳೇ ನಿಂತ್ಕೊಂಡು ತಿಂತೀನಲ್ಲ, ಅಷ್ಟು ಸಾಕು ನಂಗೆ. ಆದ್ರೆ ದೊಡ್ಡಮ್ಮನ ಮುಖ ನೋಡಿ ಎಲ್ಲಿ 'ಹೂಂ' ಅಂದ್ಬಿಡ್ತೀನೋ ಅಂತ ಭಯ."

ಡೈಲಾಗ್ ಕಾಲರ್ ಎತ್ತಿದ. "ಅಡುಗೆ ನಿಂದು. ಮಾತು ನಂದು."

ಕೇಕಿನ ಡಬ್ಬದ ಮುಚ್ಚಳದ ಮೇಲೆ ಬರೆದು ಬೀದಿಗೆಲ್ಲ ಹಂಚಿದ: "ನಮ್ಮಕ್ಕ ಒಬ್ಬಳೇ ಇರೋ ಸಂಭ್ರಮಕ್ಕೆ ಭಾನುವಾರ ಮಧ್ಯಾಹ್ನ ಊಟ. ಜೋಡಿಗಳೂ ಬರಬಹುದು, ನಾವು ಬೇಜಾರು ಮಾಡ್ಕೊಳ್ಳಲ್ಲ." ದೊಡ್ಡಮ್ಮನ ಮುಚ್ಚಳದಲ್ಲಿ ಮಾತ್ರ "ಊಟಕ್ಕೆ ಬಾ" ಅಂತಷ್ಟೇ. ಹುಷಾರು ನೋಡಿ!

ಆಮೇಲೆ ಬ್ರೆಡ್ ಚಾಕು ತಗೊಂಡು ಜೋಡಿ ಬೊಂಬೆ ಕುಯ್ದ. ಗಂಡು ಬೇರೆಯಾಯ್ತು, ಅದರ ಕೈ ಮಾತ್ರ ಹೆಣ್ಣಿನ ಕೈಯಲ್ಲೇ ಉಳೀತು.

"ಗಂಡನ್ನ ಏನೋ ಮಾಡ್ದೆ?"

"ತಿಂದೆ ಅಕ್ಕಾ. ಸಾಕ್ಷಿ ಇರಬಾರದು."

ಅಕ್ಕ ಹಿಟ್ಟಿನ ಮೂಟೆಗೆ ಒರಗಿ ನಕ್ಕಳು. ಉಳಿದ ಆ ಗಂಡಿನ ಕೈಯನ್ನ ಕೆತ್ತಿ ತೆಗೆದು, ಬೊಂಬೆ ಕೈಗೊಂದು ಪುಟಾಣಿ ಸಕ್ಕರೆ ಬ್ರೆಡ್ ಕೊಟ್ಟಳು.

ಭಾನುವಾರ ಬೇಕರಿ ಮೇಜುಗಳನ್ನೆಲ್ಲ ಕೂಡಿಸಿ ಹತ್ತು ಜನ ಕೂತ್ರು. ಸೂಪು, ಹುರಿದ ತರಕಾರಿ, ಬಿಸಿ ಬ್ರೆಡ್ಡು. ಕೇಕು ಬಂತು. ದೊಡ್ಡಮ್ಮ ಕನ್ನಡಕ ಸರಿಮಾಡ್ಕೊಂಡಳು. "ಇದೇನೇ, ಗಂಡೆಲ್ಲಿ?"

ಡೈಲಾಗ್ ಠಣ್ ಅಂತ ಕುರ್ಚಿ ಹತ್ತಿದ. "ದೊಡ್ಡಮ್ಮಾ! ಜೋಡಿ ಬೇಕಾಗೋದು ಚಪ್ಪಲಿಗೆ! ಸಿಂಹಾಸನಕ್ಕಲ್ಲ!" ಹತ್ತು ಚಮಚ ಗಪ್ ಅಂತ ನಿಂತವು. ದೊಡ್ಡಮ್ಮ ಕಣ್ಣೊರೆಸ್ಕೊಂಡು ಚಪ್ಪಾಳೆ...

ಸರಿ, ಸರಿ, ಹಾಗೆ ನೋಡ್ಬೇಡಿ. ನಿಜ ಹೇಳ್ತೀನಿ.

ಕುರ್ಚಿ ಹತ್ತಿದ್ದು ನಿಜ. "ದೊಡ್ಡಮ್ಮಾ!" ಅಂದಿದ್ದೂ ನಿಜ. ದೊಡ್ಡಮ್ಮ "ಏನೋ?" ಅಂದಳು ನೋಡಿ, ಮೂರು ದಿನ ಕನ್ನಡಿ ಮುಂದೆ ಉರುಹೊಡೆದಿದ್ದೆಲ್ಲ ಆವಿ. "ಉಪ್ಪು... ಉಪ್ಪು ಬೇಕಾ?" ಅಂದ.

ಆಗ ಅಕ್ಕ ಎದ್ದಳು. ಕೇಕಿನ ಚಾಕು ಪಕ್ಕಕ್ಕಿಟ್ಟಳು. "ದೊಡ್ಡಮ್ಮ, ಆ ಗಡಿಯಾರದಂಗಡಿಯವರಿಗೆ ಬೇಡ ಅಂತ ಹೇಳ್ಬಿಡು. ನಾನು ಹೀಗೇ ಚೆನ್ನಾಗಿದೀನಿ."

ಚಮಚಗಳು ನಿಂತಿದ್ದು ಆಗ.

"ನಾನು ಹೋದ್ಮೇಲೆ ನಿನ್ನ ಯಾರೇ ನೋಡ್ಕೋತಾರೆ?" ದೊಡ್ಡಮ್ಮನ ದನಿ ಸಣ್ಣಗಾಗಿತ್ತು.

"ಯಾಕಮ್ಮ," ಪಕ್ಕದಂಗಡಿಯ ಹೊಲಿಗೆಯವಳು ಬ್ರೆಡ್ ಅಗೀತಾನೇ ಕೇಳಿದಳು, "ನಾವೇನು ಗೋಡೆಗೆ ಹಾಕಿದ ಕ್ಯಾಲೆಂಡರಾ?"

ಮೇಜಿನ ಸುತ್ತ ನಗು. ದೊಡ್ಡಮ್ಮ ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿದಳು. "ಬೊಂಬೆ ಇರೋ ತುಂಡು ನನಗೆ ಹಾಕು. ಬೊಂಬೆ ತಿನ್ನಲ್ಲ, ಮನೇಲಿ ಇಟ್ಕೋತೀನಿ."

ಡೈಲಾಗ್ ಏನ್ ಮಾಡ್ದ ಅಂತೀರಾ? ಇನ್ನೂ ಕುರ್ಚಿ ಮೇಲೇ ನಿಂತಿದ್ದ, ಕೈಯಲ್ಲಿ ಉಪ್ಪಿನ ಡಬ್ಬಿ ಹಿಡ್ಕೊಂಡು.