ಒಳಗೆ ಬಿಟ್ಟ ಬಟ್ಟೆ

ಏಣಿಯಿಂದ ಬಿದ್ದು ಆಸ್ಪತ್ರೆ ಸೇರಿದ್ದು ನನ್ನ ಗಂಡ. ತಿರುಗಿ ಮನೆಗೆ ಬಂದವರು ಬೇರೆ ಯಾರೋ. ಮೂಗಿನ ತುದಿಯಲ್ಲೇ ಇದ್ದ ಕೋಪ ಮಾಯ. ಚಹಾ ಕೊಟ್ಟರೆ “ನಿಮಗೆ ತೊಂದರೆ ಆಯ್ತು” ಅನ್ನುತ್ತಾರೆ, ಇಷ್ಟು ವರ್ಷ ಸಂಸಾರ ಮಾಡಿದ ನನಗೆ! ಟೈಲರ್ ಕೆಲಸವೊಂದು ಬಿಟ್ಟು ಹಿಂದಿನದು ಯಾವುದೂ ನೆನಪಿಲ್ಲ. ಪಕ್ಕದ ಮನೆಯವಳು “ನಿನ್ನ ಪುಣ್ಯ ಕಣೇ” ಅಂದಾಗ ಮೈಯೆಲ್ಲ ಉರಿಯಿತು. ಆ ಸಿಡುಕನನ್ನು ಬೈದುಕೊಂಡೇ ಬದುಕಿದವಳು ನಾನು. ಈಗ ಯಾರನ್ನು ಬೈಯಲಿ?

ಸುದ್ದಿ ಕೇಳಿ ಮಗಳು ಬಂದಳು. ತಾನು ಮೆಚ್ಚಿದವನನ್ನು ಮದುವೆಯಾದಳೆಂದು ಇವರು ಅವಳ ಪೆಟ್ಟಿಗೆಯನ್ನು ಬೀದಿಗೆ ಎಸೆದು, “ನನ್ನ ಪಾಲಿಗೆ ನೀನು ಸತ್ತೆ” ಅಂದಿದ್ದರು. ಅಂದಿನಿಂದ ಅವಳು ನಮ್ಮ ಹೊಸಿಲು ತುಳಿದಿರಲಿಲ್ಲ.

“ನಿಮ್ಮ ಮಗಳು ಕಣ್ರೀ,” ಅಂದೆ.

“ಹೌದಾ? ಬಾಮ್ಮ, ಕೂತ್ಕೋ. ನಾನೇನಾದ್ರೂ ತಪ್ಪು ಮಾಡಿದ್ರೆ ಕ್ಷಮಿಸಿಬಿಡು,” ಎಂದು ಕುರ್ಚಿ ಎಳೆದುಕೊಟ್ಟರು.

ಅವಳು “ಪರವಾಗಿಲ್ಲ, ನೀವು ಸುಧಾರಿಸ್ಕೊಳ್ಳಿ” ಅಂದಳೇ ಹೊರತು ಅಪ್ಪ ಅನ್ನಲಿಲ್ಲ. ಅಡುಗೆಮನೆಗೆ ಬಂದವಳೇ ಬಿಕ್ಕಿದಳು. “ಇವರು ಒಳ್ಳೆಯವರೇ ಅಮ್ಮ. ಆದ್ರೆ ನನ್ನನ್ನ ಹೊರಗೆ ಹಾಕಿದ್ದು ಇವರಲ್ಲ. ಹಾಕಿದವರೇ ಕರೀಬೇಕಿತ್ತು. ಅವರು ಇನ್ನೆಲ್ಲಿ ಸಿಗ್ತಾರೆ?”

ನಾನೂ ಅದೇ ಮನುಷ್ಯನನ್ನು ಹುಡುಕುತ್ತಿದ್ದೆ.

ಅವಳು ಹೊರಡುವ ದಿನ ಇವರು ಅವಳಿಗೆಂದು ಒಂದು ಅಂಗಿ ಹೊಲಿದು ತಂದರು. ಟೇಪು ಹಿಡಿದಿರಲಿಲ್ಲ, ಅಳತೆ ಕೇಳಿರಲಿಲ್ಲ. ಹಾಕಿಕೊಂಡರೆ ಭುಜ ಸರಿಯಾಗಿ ಕೂತಿತು, ಗುಂಡಿ ಮಾತ್ರ ಕೂಡಲಿಲ್ಲ. ಮನೆ ಬಿಟ್ಟಾಗಿನ ಅಳತೆ ಅದು. ಆಮೇಲೆ ಅವಳು ಎರಡು ಹೆತ್ತಿದ್ದಾಳೆ.

“ಹೇಗೆ ತಪ್ಪಿತೋ ಗೊತ್ತಿಲ್ಲಮ್ಮ. ಕತ್ತರಿ ಹಿಡಿದೆ, ಕೈ ತಾನಾಗೇ ಓಡ್ತು,” ಎಂದು ಇವರು ಪೆಚ್ಚಾದರು.

ಮಗಳು ಅಂಗಿಯ ಒಳಮೈ ತಿರುಗಿಸಿದಳು. ಎರಡೂ ಪಕ್ಕ ಹೊಲಿಗೆಯ ಆಚೆ ಮೂರು ಬೆರಳಗಲ ಬಟ್ಟೆ ಮಡಚಿ ಬಿಟ್ಟಿದ್ದರು. ಗಿರಾಕಿಗಳಿಗೆ ಒಂದು ಬೆರಳಿಗಿಂತ ಹೆಚ್ಚು ಬಿಟ್ಟವರಲ್ಲ ಇವರು, ಅಂಥ ಜಿಪುಣ. ಮೂರು ಬೆರಳು ಬಿಡುತ್ತಿದ್ದದ್ದು ಅವಳೊಬ್ಬಳಿಗೇ, ಬೆಳೆಯೋ ಮಗು, ಮುಂದೆ ಬಿಚ್ಚಿ ಸಡಿಲ ಮಾಡಬಹುದು ಅಂತ. ಪೆಟ್ಟಿಗೆ ಎಸೆದದ್ದೂ ಇದೇ ಕೈ.

ಅವಳು ಬಹಳ ಹೊತ್ತು ಆ ಮಡಿಕೆಯನ್ನು ಸವರುತ್ತ ಕೂತಳು. ಆಮೇಲೆ ಮೂಗೊರೆಸಿಕೊಂಡು, ಚಿಕ್ಕಂದಿನ ಅದೇ ಸಿಡುಕು ದನಿಯಲ್ಲಿ ಕೇಳಿದಳು:

“ಅಪ್ಪಾ, ಹೊಲಿಗೆ ಬಿಚ್ಚೋ ಬ್ಲೇಡು ಎಲ್ಲಿಟ್ಟಿದ್ದೀಯ?”