ದಯವಿಟ್ಟು ವಾಪಸ್ ಇಡಬೇಡಿ

"ಅಡುಗೆಮನೆಗೆ ಬೇಡ," ಎಂದು ಭವಾನಿ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತಳು. ಗಂಡನ ಹೆಣ ಹೊತ್ತವರು ಜನ್ನಾಪುರದ ಆ ಬೀದಿಯ ತಿರುವನ್ನೂ ದಾಟಿರಲಿಲ್ಲ. ಆಗಲೇ ಬಕೆಟ್ಟಿನ ಸದ್ದು ಅವಳ ಕಾಲಬುಡಕ್ಕೆ ಬಂದಿತ್ತು.

"ಹೆಣ ಎತ್ತಿದ ಮನೆ ತೊಳೀದೆ ಬಿಡಕ್ಕಾಗುತ್ತೇನಕ್ಕ?" ಎಂದಳು ಮೈದುನನ ಹೆಂಡತಿ ಪದ್ಮಮ್ಮ.

"ತೊಳಿ. ಆದ್ರೆ ಡಬ್ಬಿ ಎತ್ತಿದ್ರೆ ನೆಲದ ಮೇಲೇ ಬಿಟ್ಟುಬಿಡು. ವಾಪಸ್ ಇಡಬೇಡ. ನಾನು ಇಟ್ಕೋತೀನಿ."

"ಚೆನ್ನಾಗಿದೆ ಮಾರಾಯ್ರೆ! ಕಣ್ಣಿಲ್ಲದ ನೀವು ಎತ್ತಿಡೋದು, ಕಣ್ಣಿರೋ ನಾವು ಗೋಡೆಗೊರಗಿ ನೋಡೋದು!" ಎಂದು ಪಕ್ಕದ ಮನೆಯ ಪುಷ್ಪಮ್ಮ ಅವಳ ರಟ್ಟೆ ಹಿಡಿದಳು. "ಬನ್ನಿ, ತಲೆಗೆ ನೀರು ಹಾಕ್ತೀನಿ."

ಪ್ರೀತಿಯ ಹಿಡಿತವೇ. ಬಿಡಿಸಿಕೊಳ್ಳಲಾಗಲಿಲ್ಲ.

ಬೆಳಿಗ್ಗೆ, ಹೆಣ ಇನ್ನೂ ನಡುಮನೆಯಲ್ಲಿದ್ದಾಗ, ಮೈದುನ ಮಧುಸೂದನ ಹತ್ತಿರ ಬಂದು ಕೂತಿದ್ದ. "ಒಬ್ರೇ ಹೇಗಿರ್ತೀರಾ ಅತ್ತಿಗೆ? ಶಿವಮೊಗ್ಗಕ್ಕೆ ಬಂದ್ಬಿಡಿ, ಕೋಟೆ ಮನೆಗೆ, ನಮ್ಮ ಹಳೇ ಮನೆಗೆ. ಇಕ್ಕಟ್ಟು, ನಿಜ. ನಡುಮನೇಲಿ ಒಂದು ಮಂಚ ಹಾಕ್ಕೊಡ್ತೀನಿ."

"ನನ್ನ ಮನೇಲಿ ನನಗೆ ಯಾವುದೂ ಹುಡುಕೋ ಹಾಗಿಲ್ಲ ಮಧು. ಸಂಜೆ ನಿಮ್ಮಣ್ಣನ ಜಾಗದಲ್ಲಿ ದೀಪ ನಾನೇ ಹಚ್ತೀನಿ. ನೋಡಿ ಆಮೇಲೆ ಹೇಳು."

ಅವನು ಎದ್ದು ನಿಂತ. "ಆಯ್ತು. ಯಾರನ್ನೂ ಕೂಗದೆ ಹಚ್ಚಿಬಿಡಿ. ನಾನು ಮತ್ತೆ ಈ ಮಾತು ಎತ್ತಲ್ಲ."

*

ಭವಾನಿಯ ಗಂಡ ಗೋವಿಂದ ಶಿವಮೊಗ್ಗದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದವನು. ನಲವತ್ತು ದಾಟಿದ ಮೇಲೆ ಲೈಬ್ರರಿ ಕೋರ್ಸಿಗೆ ಸೇರಿ, ಬಸ್ಸಿನಲ್ಲಿ ಓದಿಕೊಂಡು ಬಂದದ್ದನ್ನು ಊಟದ ಹೊತ್ತಿಗೆ ಹೆಂಡತಿಗೆ ಒಪ್ಪಿಸುತ್ತಿದ್ದ. ಅವಳ ಕಣ್ಣು ಆಗಿನ್ನೂ ಸಂಜೆಯಾದರೆ ಮಾತ್ರ ಮಂಜಾಗುತ್ತಿತ್ತು.

"ಪುಸ್ತಕಾನ ಬಣ್ಣ ನೋಡಿ ಇಡಬಾರದು, ಎತ್ತರ ನೋಡಿ ಇಡಬಾರದು ಕಣೇ. ಒಳಗೇನಿದೆ ಅಂತ ನೋಡಿ ನಂಬರ್ ಕೊಡಬೇಕು. ಒಂದೇ ವಿಷಯದ್ದೆಲ್ಲ ಅಕ್ಕಪಕ್ಕ."

"ಹೊಸದೊಂದು ವಿಷಯ ಬಂದ್ರೆ? ಎಲ್ಲಾನೂ ಜರುಗಿಸ್ತೀರಾ?"

"ಜರುಗಿಸೋದ್ಯಾಕೆ? ಪಾಯಿಂಟ್ ಹಾಕೋದು. ಎರಡು ನಂಬರಿನ ಮಧ್ಯೆ ಯಾವಾಗ್ಲೂ ಇನ್ನೊಂದಕ್ಕೆ ಜಾಗ ಇರುತ್ತೆ."

"ಕೋಟೆ ಮನೇಲಿ ನಿಮ್ಮಮ್ಮ ನನಗೊಂದು ಪಾಯಿಂಟ್ ಹಾಕ್ಲಿಲ್ಲ ನೋಡಿ," ಎಂದು ಅವಳು ಸಾರು ಬಡಿಸಿದ್ದಳು. ಅವನಿಗೆ ನಗುವಿನಲ್ಲಿ ತುತ್ತು ನೆತ್ತಿಗೇರಿತ್ತು.

ಎರಡು ಕಣ್ಣೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ವಾರ ಗೋವಿಂದ ಗರಗಸ ಹಿಡಿದು ಅಡುಗೆಮನೆಗೆ ನುಗ್ಗಿದ. ಮೇಲಿನ ಹಲಗೆ ಬೇಳೆಕಾಳಿಗೆ, ನಡುವಿನದು ಹಿಟ್ಟಿಗೆ, ಕೆಳಗಿನದು ಎಣ್ಣೆ ಬೆಲ್ಲಕ್ಕೆ. ಹಲಗೆಯ ಅಂಚಿನಲ್ಲಿ ಒಂದು ಗೀರು, ಎರಡು ಗೀರು, ಮೂರು. ಗೀರು ಸಿಕ್ಕಿತೆಂದರೆ ಅದರ ಹಿಂದೆ ಡಬ್ಬಿ ಸಿಕ್ಕಿತು. ಬೆಳಕು ಪೂರ್ತಿ ಆರುವಷ್ಟರಲ್ಲಿ ಅಡುಗೆಮನೆ ಅವಳ ಬೆರಳಿಗೆ ಬಾಯಿಪಾಠವಾಗಿತ್ತು.

ಅವನಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ಜಾತಿಯವರ ಮೇಲೆ: ಓದಿದ ಪುಸ್ತಕವನ್ನು ಮೇಜಿನ ಮೇಲೆ ಬಿಡದೆ, ಮರ್ಯಾದಸ್ಥರ ಹಾಗೆ ತಾವೇ ಕಪಾಟಿಗೆ ಸೇರಿಸುವವರು.

"ಕದ್ದಿದ್ದಾದ್ರೆ ಹೋಯ್ತು ಅಂತ ಗೊತ್ತಾಗುತ್ತೆ. ತಪ್ಪು ಜಾಗಕ್ಕೆ ಸೇರಿದ್ದು ಲೈಬ್ರರಿ ಒಳಗೇ ಇರುತ್ತೆ ಭವಾನಿ, ಆದ್ರೆ ಯಾರಿಗೂ ಸಿಗಲ್ಲ."

*

ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನೆಯೆಲ್ಲ ಫಿನಾಯಿಲ್ ನಾತ. ಗಂಟಲಿನವರೆಗೂ ಅದೇ; ಬೇರೆ ವಾಸನೆ ಮೂಗಿಗೆ ಹತ್ತುತ್ತಿರಲಿಲ್ಲ.

"ಮುಟ್ಟಿ ನೋಡಕ್ಕ," ಎಂದಳು ಪದ್ಮಮ್ಮ. ದನಿಯಲ್ಲಿ ದಣಿವಿತ್ತು, ಸಂತೋಷವೂ ಇತ್ತು. "ದೊಡ್ಡ ಡಬ್ಬಿ ಎಲ್ಲ ಹಿಂದೆ, ಚಿಕ್ಕದು ಮುಂದೆ. ಪೇಪರ್ ಹಾಸಿ ಅಂಚಿಗೂ ಮಡಚಿದೀವಿ. ಭಾವ ಇದ್ದಿದ್ರೆ ಮೆಚ್ಕೋತಿದ್ರು."

ಭವಾನಿಯ ಬೆರಳು ಹಲಗೆಯ ಉದ್ದಕ್ಕೂ ಓಡಿತು. ಗೀರು ಸಿಗಲಿಲ್ಲ. ನುಣ್ಣನೆಯ ಪೇಪರ್.

ಹೊರಗೆ ಗೇಟು ಕಿರುಗುಟ್ಟಿತು. ಸುಡುಗಾಡಿನಿಂದ ಬಂದವರು ನೀರು ಹೊಯ್ದುಕೊಂಡು ಬಾಗಿಲಲ್ಲಿ ನಿಂತರು. ದೀಪ ನೋಡದೆ ಅವರು ಮನೆಗೆ ಹೋಗುವಂತಿಲ್ಲ.

"ಅತ್ತಿಗೆ, ದೀಪ," ಎಂದ ಮಧುಸೂದನ.

ಅವಳು ಬಗ್ಗಿದಳು. ಕೆಳಗಿನ ಹಲಗೆ, ಗೋಡೆಯ ಮೂಲೆ, ದೀಪದೆಣ್ಣೆಯ ಜಾಗ. ಅಲ್ಲಿ ಬಾಟಲಿ ಇತ್ತು. ಎತ್ತರ, ಸೊಂಟ, ತಿರುಗಿಸುವ ಮುಚ್ಚಳ, ಎಲ್ಲ ಸರಿಯಾಗಿತ್ತು. ಎದೆ ಹಗುರಾಯಿತು. ಗಂಡ ಮಲಗಿದ್ದ ಜಾಗಕ್ಕೆ ಯಾರ ಆಸರೆಯೂ ಇಲ್ಲದೆ ನಡೆದು ಕೂತು, ಹಣತೆಗೆ ಹೊಯ್ದಳು. ಕಡ್ಡಿ ಗೀರಿ ಬತ್ತಿಗೆ ಹಿಡಿದಳು. ಚುಯ್ ಎಂದಿತು. ಇನ್ನೊಂದು ಕಡ್ಡಿ. ಮತ್ತೆ ಚುಯ್.

ಪದ್ಮಮ್ಮ ಓಡಿ ಬಂದು ಹಣತೆ ಮೂಸಿದಳು.

"ಅಯ್ಯೋ ಅಕ್ಕ, ಅದು ಫಿನಾಯಿಲು!" ಪದ್ಮಮ್ಮ ಅತ್ತೇಬಿಟ್ಟಳು. "ಫಿನಾಯಿಲ್ ಮಾರೋ ಗಾಡಿಯವನು ಹಳೇ ಎಣ್ಣೆ ಬಾಟ್ಲೀಲಿ ಹಾಕ್ಕೊಟ್ಟಿದ್ದ. ನಾನೇ ಅಲ್ಲಿಟ್ಟೆ."

ಮಧುಸೂದನ ಗೆದ್ದವನಂತೆ ಮಾತಾಡಲಿಲ್ಲ. "ಇರ್ಲಿ ಬಿಡಿ. ಕರ್ಮ ಎಲ್ಲ ಮುಗೀಲಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ದೀಪ ಇನ್ನೂ ಹಚ್ಚಿಲ್ವಲ್ಲ ಮಧು."

"ಎಣ್ಣೆ ಇಲ್ಲೇ ಇದೆ ಅಕ್ಕ, ಕೊಡ್ತೀನಿ."

"ಮುಟ್ಟಬೇಡ."

ಅವಳು ಅಡುಗೆಮನೆಗೆ ತಿರುಗಿ ಹೋಗಿ ಒದ್ದೆ ನೆಲದ ಮೇಲೆ ಕೂತಳು. ಎಣ್ಣೆ ಹುಡುಕುತ್ತ ಕೈಗೆ ಸಿಕ್ಕ ಮೊದಲ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಎರಡನೆಯದು. ಮೂರನೆಯದು. ಬೆರಳಿಗೆ ಅಂಟಿದ್ದ ಫಿನಾಯಿಲಿನಿಂದ ಬೆಲ್ಲವೂ ಕಹಿ, ಹಿಟ್ಟೂ ಕಹಿ. ಬಾಗಿಲಾಚೆ ಗಂಡಸರು ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತಿದ್ದರು. ಒಬ್ಬ ಸೀನಿದ. ಭವಾನಿ ಉಗುಳಿ, ಸೆರಗಿನಿಂದ ನಾಲಿಗೆ ಒರೆಸಿಕೊಂಡು, ಮುಂದಿನ ಡಬ್ಬಿಗೆ ಕೈ ಚಾಚಿದಳು.